ಮದ್ದಿಗೆ ಬಗ್ಗುವ ರೋಗ

“ಇನ್ನೊಂದ್ಸಲ ನೋಡು,” ಎಂದಳು ಅಕ್ಕ.

ಕೊನೆಯ ರೋಗಿ ಹೋಗಿಯಾಗಿತ್ತು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಆಯಾ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ನೆಲ ಒರೆಸುತ್ತಿದ್ದಳು. ಅಕ್ಕ ಸ್ಟೆತಾಸ್ಕೋಪನ್ನು ಇನ್ನೂ ಕೊರಳಿಂದ ತೆಗೆದಿರಲಿಲ್ಲ.

“ನೋಡಿದೀನಕ್ಕ. ನಂಗೇ ನಂಬಿಕೆ ಬರ್ಲಿಲ್ಲ ಅಂತ ಲ್ಯಾಬಲ್ಲಿ ಮತ್ತೆ ಬೆಳೆಸಿ ನೋಡಿದೆ. ಎರಡು ಸಲವೂ ಅದೇ. ಇದು ಮದ್ದಿಗೆ ಬಗ್ಗೋ ಕ್ರಿಮಿ.”

“ಯಾವ ಮದ್ದಿಗೆ?”

“ಹಳೇ ಇಂಜೆಕ್ಷನ್ನಿಗೂ ಬಗ್ಗುತ್ತೆ, ಬೇರೆ ಮಾತ್ರೆಗಳಿಗೂ ಬಗ್ಗುತ್ತೆ. ನೀನು ಕೊಟ್ಟಿದ್ದು ಪೆನಿಸಿಲಿನ್ ಜಾತಿದು. ಅದಕ್ಕೆ ಮಾತ್ರ ಇದು ಹುಟ್ಟಿದಾಗಿಂದ್ಲೇ ಜಗ್ಗಲ್ಲ.”

ಅಕ್ಕ ಮೇಜಿನ ಮೇಲಿದ್ದ ಟಾರ್ಚನ್ನು ಡ್ರಾಯರಿನೊಳಗಿಟ್ಟಳು. ಮತ್ತೆ ತೆಗೆದು ಮೇಜಿನ ಮೇಲೇ ಇಟ್ಟಳು. “ನಿಂದೊಂದು,” ಎಂದಳು, “ಹಿಡಿದ ಮೊಲಕ್ಕೆ ಮೂರೇ ಕಾಲು.”

“ಇಲ್ಲಕ್ಕ. ನಾಲ್ಕೂ ಎಣಿಸಿದೀನಿ.”

ಇಬ್ಬರಿಗೂ ನಗು ಬರಲಿಲ್ಲ.

ತಂಗಿ ಇದ್ದದ್ದು ಪ್ರಾಣಿಗಳಿಂದ ಮನುಷ್ಯರಿಗೆ ಹತ್ತುವ ರೋಗಗಳ ಜಾಡು ಹಿಡಿಯುವ ಸರಕಾರಿ ಪ್ರಯೋಗಾಲಯದಲ್ಲಿ. ವಾರದ ಅರ್ಧ ದಿನ ಹುಲ್ಲುಗಾವಲು, ತೋಪು, ಕಾಲುವೆಯ ದಂಡೆ ಅಂತ ಬಿಳಿ ಬಟ್ಟೆಯೊಂದನ್ನು ನೆಲದ ಮೇಲೆ ಎಳೆದುಕೊಂಡು ಓಡಾಡುವಳು. ಬಟ್ಟೆಗೆ ಹತ್ತಿದ, ರಕ್ತ ಹೀರುವ ಉಣ್ಣೆಹುಳುಗಳನ್ನು ಚಿಮಟದಿಂದ ಕಿತ್ತು ಸೀಸೆಗೆ ತುಂಬುವಳು. ಆಫೀಸಿನಲ್ಲಿ ಅವಳಿಗೆ ‘ಉಣ್ಣೆ ಮೇಡಂ’ ಎಂದೇ ಹೆಸರು. ಹೊಸದಾಗಿ ಬಂದ ಪಕ್ಕದ ಮನೆಯಾಕೆ ಅದನ್ನು ಕೇಳಿಸಿಕೊಂಡು, ಚಳಿಗಾಲಕ್ಕೆ ಮೊದಲು ಒಂದು ಸ್ವೆಟರ್ ಸಿಗುತ್ತದೆಯೇ ಎಂದು ವಿಚಾರಿಸಿದ್ದಳು. ಉಳಿದ ಅರ್ಧ ವಾರ ಮುಖಗವಸು, ಕೈಗವಸು ತೊಟ್ಟು, ಗಾಳಿಯೂ ಸೋಸಿ ಹೊರಹೋಗುವ ಕೋಣೆಯೊಳಗೆ ಕೂತು, ಆ ಉಣ್ಣೆಗಳಲ್ಲಿ, ಸತ್ತ ಇಲಿ-ಮೊಲಗಳಲ್ಲಿ, ಜ್ವರ ಬಂದ ಮನುಷ್ಯರ ರಕ್ತದಲ್ಲಿ ಏನಿದೆ ಎಂದು ಹುಡುಕುವುದು; ಇದ್ದದ್ದು ಯಾವ ಮದ್ದಿಗೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವುದು.

ಈ ಸಲ ಸಿಕ್ಕಿದ್ದು ಟುಲರೇಮಿಯಾ. ಹಳಬರು ಮೊಲದ ಜ್ವರ ಅನ್ನುತ್ತಿದ್ದರು. ಆ ಊರಿನಲ್ಲಿ ಅದನ್ನು ಕಂಡ ಡಾಕ್ಟರು ಯಾರೂ ಉಳಿದಿರಲಿಲ್ಲ.

ಅದರಿಂದ ಸತ್ತವನು ನೀರಿನ ಟ್ಯಾಂಕಿನ ಆವರಣದಲ್ಲಿ ಹುಲ್ಲು ಕತ್ತರಿಸುವ ಕೆಲಸದವನು. ಎದೆಯುದ್ದ ಬೆಳೆದ ಹುಲ್ಲಿನಲ್ಲಿ ಯಂತ್ರ ಓಡಿಸುವಾಗ ಬ್ಲೇಡಿಗೆ ಒಂದು ಮೊಲ ಸಿಕ್ಕಿತು. ರಕ್ತ ಮಾಂಸ ಹುಲ್ಲಿನ ಪುಡಿಯೆಲ್ಲ ಮುಖಕ್ಕೆ, ಅಂಗಿಗೆ, ಬೂಟಿಗೆ ರಾಚಿತು. “ಪಾಪ, ಅಷ್ಟು ಸದ್ದಿಗೂ ಎದ್ದು ಓಡ್ಲಿಲ್ಲ ಕಣೇ, ಸುಮ್ನೆ ಕೂತಿತ್ತು,” ಎಂದು ಅವತ್ತು ಮನೆಗೆ ಬಂದು ಹೆಂಡತಿಗೆ ಹೇಳಿದ್ದನಂತೆ. ಆಮೇಲೆ ಜ್ವರ, ಒಣಕೆಮ್ಮು, ಎದೆನೋವು. ಅಕ್ಕನ ಹತ್ತಿರ ಬಂದ. ಅಕ್ಕ ಎಲ್ಲರಿಗೂ ಕೊಡುವ ಮಾತ್ರೆ ಕೊಟ್ಟಳು. ಇಳಿಯಲಿಲ್ಲ. ಅದೇ ಜಾತಿಯ ಇನ್ನೂ ಜೋರಿನದು ಕೊಟ್ಟಳು. ದೊಡ್ಡಾಸ್ಪತ್ರೆಗೆ ಹೋಗು ಎಂದೂ ಹೇಳಿದಳು. ಅವನು ಹೋಗಲಿಲ್ಲ. “ನಿಮ್ಮ ಕೈಗುಣ ಬಿಟ್ಟು ಎಲ್ಲಿಗೆ ಹೋಗ್ಲಿ ಡಾಕ್ಟ್ರಮ್ಮ?” ಎಂದ. ಕೈಗುಣದ ಮಾತು ಕೇಳಿ ಅಕ್ಕನೂ ಎರಡನೆಯ ಸಲ ಒತ್ತಾಯಿಸಲಿಲ್ಲ. ಕೊನೆಗೆ ಹೊತ್ತುಕೊಂಡೇ ಹೋಗಬೇಕಾಯಿತು. ಅಲ್ಲಿ ಸರಿಯಾದ ಇಂಜೆಕ್ಷನ್ ಶುರುವಾಗುವ ಹೊತ್ತಿಗೆ ಶ್ವಾಸಕೋಶ ಕೈಬಿಟ್ಟಿತ್ತು. “ಮದ್ದು ಹತ್ತುತ್ತಿಲ್ಲ,” ಎಂದರು ವಾರ್ಡಿನ ಡಾಕ್ಟರು. ಆ ಒಂದು ಮಾತು ಬಾಯಿಂದ ಬಾಯಿಗೆ ಬೆಳೆದು, ಮದ್ದಿಗೇ ಬಗ್ಗದ ಹೊಸ ಕ್ರಿಮಿ ಬಂದಿದೆ ಎಂದಾಯಿತು. ಅಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಆ ಮೊಲ?” ಎಂದು ಕೇಳಿದಳು ಈಗ.

“ಹುಲ್ಲಿನ ರಾಶಿ ಕೆದಕಿ ಮೂಳೆ, ಚರ್ಮ ಸಿಕ್ಕಷ್ಟು ತಂದಿದ್ದೆ. ಅಲ್ಲಿನ ಉಣ್ಣೆಗಳನ್ನೂ ನೋಡಿದೆ. ಎಲ್ಲದರಲ್ಲೂ ಇರೋದು ಒಂದೇ ಕ್ರಿಮಿ, ಅವನ ರಕ್ತದಲ್ಲಿದ್ದದ್ದೇ. ಯಾವುದೂ ಮದ್ದಿಗೆ ಸೆಡ್ಡು ಹೊಡೆದಿಲ್ಲ.”

“ವರದೀಲಿ ಹಾಗೇ ಬರೀತೀಯಾ?”

“ಇನ್ನು ಹೇಗೆ ಬರೀಲಿ?”

ಅಕ್ಕ ಕೊರಳಿನ ಸ್ಟೆತಾಸ್ಕೋಪನ್ನು ತೆಗೆದು ಮೇಜಿನ ಮೇಲಿಟ್ಟಳು. ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿದವಳು ಅವಳೇ. ಇದೇ ಕ್ಲಿನಿಕ್ಕಿನ ಇದೇ ಮೇಜಿನ ಮೂಲೆಯಲ್ಲಿ ತಂಗಿ ಪರೀಕ್ಷೆಗೆ ಓದಿಕೊಂಡಿದ್ದಳು.

“ಅವನ ಹೆಂಡತಿ ಬಂದಿದ್ಲು,” ಎಂದಳು ಅಕ್ಕ. “ಇಲ್ಲೇ, ನೀನು ಕೂತ ಕುರ್ಚೀಲೇ ಕೂತು ಕೇಳಿದ್ಲು, ಏನಾದ್ರೂ ಮಾಡಬಹುದಿತ್ತಾ ಅಂತ. ಇದಕ್ಕೆ ಮದ್ದೇ ಇಲ್ಲಮ್ಮ, ಯಾರೂ ಏನೂ ಮಾಡೋಕೆ ಆಗ್ತಿರ್ಲಿಲ್ಲ ಅಂದೆ. ಅವಳಿಗೆ ಸಮಾಧಾನ ಆಗ್ಲಿ ಅಂತಾನೇ ಅಂದೆ.” ಟಾರ್ಚನ್ನು ಮತ್ತೆ ಡ್ರಾಯರಿಗೆ ಹಾಕಿ, “ನಂಗೂ ಆಗ್ಲಿ ಅಂತ,” ಎಂದಳು.

“ಯಾರಿದ್ರೂ ನೀನು ಕೊಟ್ಟ ಮಾತ್ರೆನೇ ಕೊಡ್ತಿದ್ರು, ಅಕ್ಕ.”

“ಗೊತ್ತು. ಅದನ್ನ ಬೇರೆಯವರು ಹೇಳಿದ್ರೆ ಚೆನ್ನಾಗಿರುತ್ತೆ.” ಅಕ್ಕ ಎದ್ದು ದೀಪ ಆರಿಸಿದಳು. “ಹೋಗ್ಲಿ ಬಿಡು. ಹೋದ ಜೀವ ನಿನ್ನ ವರದಿಗೆ ವಾಪಸ್ ಬರಲ್ಲ. ಅವಳಿಗಂತೂ ಹೇಳೋಕೆ ಹೋಗ್ಬೇಡ.”

ಮರುದಿನ ತಂಗಿ ಆ ಮನೆಗೆ ಹೋಗಲೇಬೇಕಿತ್ತು. ಸತ್ತವನ ಜೊತೆಯಲ್ಲಿದ್ದವರ ರಕ್ತ ತೆಗೆದು ನೋಡುವುದು ಅವಳ ಕೆಲಸದಲ್ಲೇ ಸೇರಿತ್ತು. ಹಿಂದೊಮ್ಮೆ ಹೋದಾಗ ಹೆಂಡತಿ, “ನಮಗೇನಾಗಿದೆ? ಗುಂಡುಕಲ್ಲಿನ ಹಾಗಿದೀವಿ,” ಎಂದು ಬಾಗಿಲಿಂದಲೇ ಕಳಿಸಿದ್ದಳು.

ಮನೆಯೆಂದರೆ ಉದ್ದನೆಯ ಒಂದು ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು. ಮುಂದಿನ ಅರ್ಧದಲ್ಲಿ ಇಸ್ತ್ರಿಯ ಮೇಜು. ಬೀದಿಯವರ ಬಟ್ಟೆಗಳನ್ನು ಇಸ್ತ್ರಿ ಮಾಡಿಕೊಡುವುದು ಅವಳ ಕಸುಬು. ಮಂಚದ ಮೇಲೆ ಅವಳ ಅತ್ತೆ, ಕಿವಿ ಪೂರಾ ಮಂದ, ಕಾಲರುಗಳ ಗುಂಡಿ ಹಾಕಿ ಒಂದೊಂದೇ ಅಂಗಿಯನ್ನು ಮಡಿಸಿಡುತ್ತಿದ್ದಳು.

ತಂಗಿ ರಕ್ತದ ವಿಷಯ ತೆಗೆಯುವ ಮೊದಲೇ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಹೆಂಗಸು ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದಿದ್ದಳು. ನೆರಿಗೆ ಬಿಡಿಸಲು ಹೋಗಿ ಹೊಸ ನೆರಿಗೆ ಬೀಳುತ್ತಿತ್ತು. ಬಲಗೈ ಮೈಗೆ ಅಂಟಿದಂತಿತ್ತು. ತೋರುಬೆರಳಿಗೆ ಬಟ್ಟೆಯ ಚೂರೊಂದನ್ನು ಸುತ್ತಿದ್ದಳು.

“ಕೈಗೇನಾಯ್ತು?”

“ಇಸ್ತ್ರಿ ತಾಗಿ ಸುಟ್ಟಿತ್ತು.”

“ತೋಳು?”

“ಹಿಡ್ಕೊಂಡಿದೆ. ದಿನವೆಲ್ಲ ನಿಂತು ತೀಡೋರಿಗೆ ಹಿಡ್ಕೊಳ್ದೆ ಇನ್ನೇನು?”

ತಂಗಿ ಹತ್ತಿರ ಹೋಗಿ ಬೆರಳಿನ ಬಟ್ಟೆ ಬಿಚ್ಚಿದಳು. ಸುಟ್ಟ ಗಾಯ ಹಾಗಿರುವುದಿಲ್ಲ. ಅಂಚು ಎದ್ದು, ನಡುವೆ ಕಪ್ಪು ಹಕ್ಕಳೆ ಕಟ್ಟಿತ್ತು. ಕೈ ಕಾದ ಹೆಂಚಿನಂತೆ ಸುಡುತ್ತಿತ್ತು. ಕಂಕುಳನ್ನು ಮುಟ್ಟಲು ಹೋದಾಗ ಹೆಂಗಸು ಹಿಂದೆ ಸರಿದಳು. ಆದರೂ ರವಿಕೆಯ ಹೊರಗಿನಿಂದಲೇ ಕಾಣಿಸುತ್ತಿತ್ತು, ನಿಂಬೆಹಣ್ಣಿನಷ್ಟು ಗಂಟು.

“ಅವರ ಬಟ್ಟೆ, ಬೂಟು ಮುಟ್ಟಿದ್ರಾ?”

“ಮುಟ್ಟದೆ? ಬಚ್ಚಲ ಮೂಲೇಲಿ ಹಾಗೇ ಬಿದ್ದಿತ್ತು. ಅವರೇ ಹೋದ ಮೇಲೆ ಇನ್ಯಾಕೆ ಅಂತ, ತೊಳೆದು ಅವರ ಜೊತೆಯವನಿಗೆ ಕೊಡೋಣ ಅಂತ ಕೂತೆ. ಬೂಟಿನಡಿ ಏನೇನೋ ಒಣಗಿ ಅಂಟ್ಕೊಂಡಿತ್ತು. ಕಡ್ಡೀಲಿ ಕೆರೆದು ತೆಗೆದೆ.”

“ಬೂಟು ಕೊಟ್ರಾ?”

“ಇಲ್ಲ. ಮನಸ್ಸು ಬರ್ಲಿಲ್ಲ.”

“ಅದನ್ನ ಯಾರೂ ಮುಟ್ಟಬೇಡಿ, ನಾನು ತೊಗೊಂಡು ಹೋಗ್ತೀನಿ. ಈಗ ಆಸ್ಪತ್ರೆಗೆ ಹೋಗೋಣ, ಈಗಿಂದೀಗ್ಲೇ.”

ಹೆಂಗಸು ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು. “ಗೊತ್ತು ನಂಗೆ ಇದೇನು ಅಂತ. ಎದೆಗೆ ಬರೋದರ ಬದಲು ಕಂಕುಳಿಗೆ ಬಂದಿದೆ. ಹೋಗಿ ಏನು ಮಾಡ್ಲಿ? ಅವರ ಹಾಗೆ ಮೂಗಿಗೆ ಬಾಯಿಗೆ ಪೈಪು ಚುಚ್ಚಿಸ್ಕೊಂಡು ಸಾಯ್ಲಾ? ಇಲ್ಲೇ ಇದ್ರೆ ಇರೋವರೆಗೂ ಅತ್ತೆಗೆ ಒಂದು ತುತ್ತು ಬೇಯಿಸಿ ಹಾಕ್ತೀನಿ.”

“ಇದಕ್ಕೆ ಮದ್ದಿದೆ. ನಾನೇ ಪರೀಕ್ಷೆ ಮಾಡಿ ನೋಡಿದೀನಿ.”

“ನೀವು ಉಣ್ಣೆ ಹಿಡಿಯೋರು, ಮೇಡಂ. ಬೇಜಾರು ಮಾಡ್ಕೋಬೇಡಿ. ನಿಮ್ಮಕ್ಕ ಡಾಕ್ಟ್ರು. ಮದ್ದಿಲ್ಲ ಅಂತ ಅವರೇ ಬಾಯಿಬಿಟ್ಟು ಹೇಳಿದಾರೆ. ಅವರು ಸುಳ್ಳು ಹೇಳ್ತಾರಾ?”

ತಂಗಿ ಹೊರಗೆ ಬಂದು ಬೀದಿಯಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದಳು. ಕಂಡದ್ದನ್ನು ಹೇಳಿದಳು. ಹೆಂಗಸು ಹೇಳಿದ್ದನ್ನೂ ಇದ್ದ ಹಾಗೇ ಹೇಳಿದಳು. ಆ ಕಡೆಯಿಂದ ಯಾರೋ ರೋಗಿ ಕೆಮ್ಮುವುದು ಕೇಳಿಸಿತು. ಫೋನು ಕಟ್ಟಾಯಿತು.

ಕಾಯುತ್ತಿದ್ದ ರೋಗಿಗಳನ್ನು ಬಿಟ್ಟು ಅಕ್ಕ ಬಂದಳು. ಚಪ್ಪಲಿ ಕಳಚಿ ಒಳಗೆ ಬಂದವಳು ಮೊದಲು ಗಾಯ ನೋಡಿದಳು, ಕಂಕುಳು ನೋಡಿದಳು. ಹೆಂಗಸು ಅವಳಿಗೆ ಬೇಡವೆನ್ನಲಿಲ್ಲ. ನೋಡಿಯಾದ ಮೇಲೂ ಅಕ್ಕ ಕುಳಿತುಕೊಳ್ಳಲಿಲ್ಲ.

“ನಾನು ನಿಮಗೆ ಹೇಳಿದ್ದು ನಿಜ ಅಲ್ಲಮ್ಮ,” ಎಂದಳು. “ಇದಕ್ಕೆ ಮದ್ದಿದೆ. ಆವತ್ತೂ ಇತ್ತು. ನಂಗೆ ಇದು ಯಾವ ರೋಗ ಅಂತ ಗೊತ್ತಾಗ್ಲಿಲ್ಲ. ನಾನು ಕೊಟ್ಟಿದ್ದು ಇದಕ್ಕೆ ನಾಟೋ ಮಾತ್ರೆ ಅಲ್ಲ.”

ಹೆಂಗಸು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ತಂತಿಯನ್ನು ಸುತ್ತಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು: “ಮೊದಲ ದಿನಾನೇ ಆ ಇಂಜೆಕ್ಷನ್ ಕೊಟ್ಟಿದ್ರೆ?”

ತಂಗಿ ಬಾಯಿ ತೆರೆದಳು, ಯಾರಿಗೂ ಖಾತ್ರಿಯಾಗಿ ಹೇಳಲಾಗದು ಎನ್ನಲು. ಅಕ್ಕ ಅವಳಿಗಿಂತ ಮೊದಲು ಹೇಳಿದಳು.

“ಬದುಕ್ತಿದ್ರು ಅಂತ್ಲೇ ನಂಗೆ ಅನ್ಸುತ್ತೆ.”

ಮಂಚದ ಮೇಲಿದ್ದ ಮುದುಕಿಗೆ ಏನೋ ನಡೆಯುತ್ತಿದೆ ಎಂದು ಮಾತ್ರ ಗೊತ್ತಾಗಿತ್ತು. ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, “ಏನಂತೆ? ಡಾಕ್ಟ್ರು ಏನಂದ್ರು?” ಎಂದು ಸೊಸೆಯನ್ನು ಕೇಳಿದಳು. ಸೊಸೆ ಅಕ್ಕನನ್ನು ನೋಡಿದಳು. ಆ ನೋಟಕ್ಕೆ ಅಕ್ಕ ತಲೆ ತಗ್ಗಿಸಲಿಲ್ಲ. ಸೊಸೆ ಮಂಚದ ಹತ್ತಿರ ಹೋಗಿ ಬಗ್ಗಿ ಮುದುಕಿಯ ಕಿವಿಯಲ್ಲಿ ಕೂಗಿದಳು:

“ನಂಗೆ ಮದ್ದಿದೆಯಂತೆ, ಅತ್ತೆ!”

ಮುದುಕಿಯ ಮುಖ ಅರಳಿತು. ಕೈಚಾಚಿ ಅಕ್ಕನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. “ನೂರು ವರ್ಷ ಬಾಳಮ್ಮ, ನೂರು ವರ್ಷ ಬಾಳು,” ಎಂದಳು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಸೊಸೆ ಅದನ್ನು ಸ್ವಲ್ಪ ಹೊತ್ತು ನೋಡಿ, ಒಂದು ಚೀಲದಲ್ಲಿ ಸೀರೆ, ಲೋಟ, ಸೋಪು ತುಂಬಿಕೊಂಡಳು.

“ನಡೀರಿ,” ಎಂದಳು ತಂಗಿಗೆ.

ದೊಡ್ಡಾಸ್ಪತ್ರೆಯಲ್ಲಿ ಅದೇ ದಿನ ಇಂಜೆಕ್ಷನ್ ಶುರುವಾಯಿತು. ಮೊದಮೊದಲು ಜ್ವರ ಇಳಿಯುವುದು, ಮತ್ತೆ ಏರುವುದು. ಆಮೇಲೆ ಇಳಿದದ್ದು ಏರಲಿಲ್ಲ. ಗಂಟನ್ನು ಕೊಯ್ದು ಕೀವು ತೆಗೆದರು. ತಂಗಿಯ ವರದಿ ಮೇಲಿನವರಿಗೆ ಹೋಯಿತು. ಅಲ್ಲಿಂದ ಊರಿನ ಕ್ಲಿನಿಕ್ಕುಗಳಿಗೆಲ್ಲ ಸುತ್ತೋಲೆ ಬಂತು. ಅಕ್ಕನ ಕ್ಲಿನಿಕ್ಕಿನಲ್ಲಿ ಈಗ ಒಬ್ಬೊಬ್ಬ ರೋಗಿಗೂ ಹೊತ್ತು ಹಿಡಿಯುತ್ತದೆ, ನೆಗಡಿಗೆ ಹೋದರೂ ಯಾವ ಕೆಲಸ, ಎಲ್ಲಿ ಓಡಾಡಿದೆ, ಏನು ಮುಟ್ಟಿದೆ ಅಂತ ಪೊಲೀಸರ ಹಾಗೆ ಕೇಳುತ್ತಾರೆ ಎಂದು ಹೊರಕೋಣೆಯಲ್ಲಿ ಕೂತವರು ಗೊಣಗಿಕೊಂಡರು. ಕೆಲವರು ಬೇರೆ ಡಾಕ್ಟರನ್ನು ಹುಡುಕಿಕೊಂಡರು.

ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿ ಅಕ್ಕ ದಿನವೂ ಆಸ್ಪತ್ರೆಗೆ ಹೋಗುತ್ತಿದ್ದಳು. ಹೆಂಗಸು ಅವಳೊಂದಿಗೆ ಮಾತಾಡುತ್ತಿರಲಿಲ್ಲ, ಬರಬೇಡ ಎಂದೂ ಹೇಳುತ್ತಿರಲಿಲ್ಲ. ಅಕ್ಕ ಚೀಟಿ ನೋಡುವಳು, ನರ್ಸಿನ ಹತ್ತಿರ ಎರಡು ಮಾತಾಡುವಳು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುವಳು.

ಒಂದು ಮಧ್ಯಾಹ್ನ ತಂಗಿ ರಕ್ತದ ಸೀಸೆ ತೆಗೆದುಕೊಳ್ಳಲು ವಾರ್ಡಿಗೆ ಹೋದಾಗ, ಹೆಂಗಸು ಹಾಸಿಗೆಯ ಮೇಲೆ ಎದ್ದು ಕೂತಿದ್ದಳು; ಅಕ್ಕ ಕಿಟಕಿಯ ಪಕ್ಕದ ಸ್ಟೂಲಿನ ಮೇಲಿದ್ದಳು. ಕಂಕುಳಿಗೆ ದಪ್ಪ ಪಟ್ಟಿ ಕಟ್ಟಿದ್ದರಿಂದ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಎಡಗೈಯಲ್ಲಿ ಬಾಚಣಿಗೆ ಹಿಡಿದು ತಲೆಯ ಹಿಂಬದಿಗೆ ಎಟುಕಿಸಲು ನೋಡಿ, ಸೋತು, ಬಾಚಣಿಗೆಯನ್ನು ಹೊದಿಕೆಯ ಮೇಲೆ ಹಾಕಿದಳು. ಆಮೇಲೆ, ಯಾರ ಕಡೆಗೂ ನೋಡದೆ, ಅದನ್ನು ಅಕ್ಕನ ಕಡೆಗೆ ತುಸು ಸರಿಸಿ, ಗೋಡೆಗೆ ಮುಖ ಮಾಡಿ ಕೂತಳು.

ಅಕ್ಕ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ದಿನಗಟ್ಟಲೆ ಹಾಸಿಗೆಯಲ್ಲಿ ಹೊರಳಿ ಗಂಟುಗಂಟಾಗಿದ್ದ ಕೂದಲನ್ನು ಒಂದು ಕೈಯಲ್ಲಿ ಬುಡದ ಹತ್ತಿರ ಬಿಗಿಯಾಗಿ ಹಿಡಿದು, ಎಳೆತ ತಲೆಗೆ ಹತ್ತದಂತೆ, ತುದಿಯಿಂದ ಸ್ವಲ್ಪ ಸ್ವಲ್ಪವೇ ಸಿಕ್ಕು ಬಿಡಿಸತೊಡಗಿದಳು.