ದಿನಾ ಸ್ಟಾರ್ಟ್ ಮಾಡುತ್ತಿದ್ದ ಕಾರು

ಕೀಲಿ ತಿರುಗಿಸಿದರೆ ಕಾರು ಟಕಟಕಟಕ ಎಂದು ಸುಮ್ಮನಾಯಿತು. ದರ್ಜಿ ಮತ್ತೆ ತಿರುಗಿಸಿದ. ಮತ್ತೆ ಅದೇ ಟಕಟಕ.

ಹಿಂದಿನ ಸೀಟಿನಲ್ಲಿ ಅವನ ತಾಯಿ ಆಸ್ಪತ್ರೆಯ ಚೀಟಿ ಹಿಡಿದು ಕೂತಿದ್ದರು. ನಲವತ್ತು ವರ್ಷ ಅಂಗಡಿಯಲ್ಲಿ ಕಾಜಾ ಹೊಲಿದ ಕೈ ಅವರದು. ಈಗ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸಲೂ ಸೊಸೆಯನ್ನು ಕರೆಯಬೇಕಾಗಿತ್ತು. ಇವತ್ತು ಹತ್ತು ಗಂಟೆಗೆ ಪಕ್ಕದ ಪಟ್ಟಣದಲ್ಲಿ ಆಪರೇಷನ್. ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು. ಬಸ್ಸು ಏಳಕ್ಕೇ ಹೋಗಿತ್ತು. ಮನೆ ಮುಂದೆ ಕಾರಿದೆಯಲ್ಲ ಎಂಬ ಧೈರ್ಯದಲ್ಲಿ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಈಗ ಎಂಟೂಕಾಲು.

"ಪೆಟ್ರೋಲ್ ಇದೆ ತಾನೇ?" ಎಂದಳು ಹೆಂಡತಿ.

"ಅರ್ಧ ಟ್ಯಾಂಕ್ ಇದೆ ಕಣೆ."

ಎದುರು ಮನೆಯ ಪೇಂಟರ್ ಹಲ್ಲುಜ್ಜುತ್ತಲೇ ಬಂದ. ಕರೆಯದಿದ್ದರೂ ಬರುವವನು ಅವನು. "ಸ್ಟಾರ್ಟರ್ ಹೋಗಿದೆ ಗುರು. ಅನುಮಾನವೇ ಇಲ್ಲ," ಎಂದ. ಬಾಯಿ ಮುಕ್ಕಳಿಸಿ ಬಂದು, "ಇಲ್ಲಾ ಇಲಿ ವೈರ್ ಕಡಿದಿರಬೇಕು," ಎಂದ.

"ಬ್ಯಾಟರಿ ಇರಬಹುದಾ?" ಹೆಂಡತಿ ಕೇಳಿದಳು.

"ಅದೊಂದು ಅಲ್ಲ ಬಿಡು," ಎಂದ ದರ್ಜಿ. "ಹೊಸದು ಹಾಕ್ಸಿ ಇನ್ನೂ ಒಂಬತ್ತು ತಿಂಗಳು. ಅಷ್ಟಕ್ಕೂ ನಾನು ದಿನಾ ಸ್ಟಾರ್ಟ್ ಮಾಡ್ತೀನಿ. ನಿನ್ನೆನೂ ಮಾಡಿದೀನಿ."

ಹಾಗಾದರೆ ಏನು? ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತಿದೆ, ಕಾರು ಮಾತ್ರ ಏಳುತ್ತಿಲ್ಲ. ದೀಪಕ್ಕೆ ಕರೆಂಟ್ ಇದ್ದ ಮೇಲೆ ಎಂಜಿನ್ನಿಗೆ ಯಾಕಿಲ್ಲ? ದರ್ಜಿ ಫ್ಯೂಸಿನ ಡಬ್ಬಿ ತೆಗೆದು ನೋಡಿದ, ತಲೆಬುಡ ತಿಳಿಯದೆ ಮುಚ್ಚಿದ. ಏನಾದರಾಗಲಿ ಎಂದು ಇನ್ನೂ ನಾಲ್ಕು ಸಲ ಕೀಲಿ ತಿರುಗಿಸಿದ. ಟಕಟಕವೂ ಕ್ಷೀಣಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು.

"ಹೋಗ್ಲಿ ಬಿಡೋ ಮಗಾ," ಎಂದರು ತಾಯಿ. "ಮೂರು ತಿಂಗಳು ತಾನೇ."

ಮೂರು ತಿಂಗಳು ಎಂದರೆ ಎಷ್ಟು ಕತ್ತಲೆ ಎಂಬುದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಅದೇ ಬೀದಿಯ ಆಂಬುಲೆನ್ಸ್ ಅಕ್ಕ ಪಾಳಿ ಮುಗಿಸಿ, ಊಟದ ಡಬ್ಬಿ ಹಿಡಿದು ನಡೆದು ಬರುತ್ತಿದ್ದರು. ಹನ್ನೆರಡು ವರ್ಷದಿಂದ ಆಂಬುಲೆನ್ಸ್ ಓಡಿಸುವವರು. ಗಾಡಿ ನಿಂತರೆ ಜೀವ ನಿಲ್ಲುತ್ತದೆ ಎಂದು ಬಲ್ಲವರು.

"ಮೊದಲು ಕೀಲಿ ಬಿಡು," ಎಂದರು. "ತಿರುಗಿಸಿದಷ್ಟೂ ಇರೋದೂ ಖಾಲಿಯಾಗುತ್ತೆ. ಹೆಡ್‌ಲೈಟ್ ಹಾಕು ನೋಡೋಣ. ಹಾಂ, ಈಗ ಒಂದೇ ಸಲ ತಿರುಗಿಸು."

ಮಂಕಾಗಿ ಉರಿಯುತ್ತಿದ್ದ ದೀಪ ಕೀಲಿ ತಿರುಗಿಸಿದ ಕೂಡಲೇ ಸತ್ತೇ ಹೋಯಿತು.

"ದೀಪ ಚೆನ್ನಾಗಿ ಉರೀತಾನೇ ಇದ್ದಿದ್ರೆ ಸ್ಟಾರ್ಟರ್ ಮೇಲೆ ಅನುಮಾನ ಪಡಬಹುದಿತ್ತು. ಇದು ಬ್ಯಾಟರಿ. ಸಣ್ಣ ದೀಪಕ್ಕೆ ಸಾಕಾಗೋ ಕರೆಂಟು ಎಂಜಿನ್ ತಿರುಗಿಸೋಕೆ ಸಾಲಲ್ಲ."

"ಅಕ್ಕಾ, ಅದು ಹೊಸದು."

ಅಕ್ಕ ಬಾನೆಟ್ ಎತ್ತಿ, ತಂತಿ ಸೇರುವ ಜಾಗ ನೋಡಿದರು. ಸಡಿಲವಿರಲಿಲ್ಲ, ಬಿಳಿ ಪುಡಿಯೂ ಕಟ್ಟಿರಲಿಲ್ಲ. "ಕಾರು ಕಡೇ ಸಲ ಓಡಿಸಿದ್ದು ಯಾವಾಗ?"

"ದಿನಾ ಸ್ಟಾರ್ಟ್ ಮಾಡ್ತೀನಲ್ಲ."

"ಸ್ಟಾರ್ಟ್ ಮಾಡಿದ್ದು ಕೇಳಲಿಲ್ಲಪ್ಪ. ಓಡಿಸಿದ್ದು?"

ದರ್ಜಿ ಬೆರಳು ಮಡಚಿ ಲೆಕ್ಕ ಹಾಕಿದ. ಎರಡು ತಿಂಗಳಾಗಿತ್ತು.

ಒಳಗಿಂದ ತಾಯಿಯೇ ಹೇಳಿದರು. "ದಿನಾ ಬೆಳಿಗ್ಗೆ ಒಂದು ನಿಮಿಷ ಗುರ್ ಅನ್ನಿಸ್ತಾನೆ. ಲೈಟು, ಹಾರ್ನು, ವೈಪರು ಎಲ್ಲಾ ನೋಡಿ ಆಫ್ ಮಾಡ್ತಾನೆ. ಸುಮ್ಮನೆ ಕೂತ ಹೊಲಿಗೆ ಮಿಷನ್ನನ್ನ ದಿನಾ ಒಂದು ಸಲ ತಿರುಗಿಸು ಅಂತ ನಾನೇ ಕಲಿಸಿದ್ದೆ. ಕಾರಿಗೂ ಅದನ್ನೇ ಮಾಡಿದ."

ಪೇಂಟರ್ ನಗಲು ಹೊರಟವನು, ದರ್ಜಿಯ ಮುಖ ನೋಡಿ ತಡೆದುಕೊಂಡ.

"ಮಿಷನ್ನಿಗೆ ಸರಿಯಮ್ಮ. ಕಾರಿಗಲ್ಲ," ಎಂದರು ಅಕ್ಕ. "ಬ್ಯಾಟರಿ ಅಂದ್ರೆ ನಿಮ್ಮ ಮಿಷನ್ನಿನಲ್ಲಿ ದಾರ ಸುತ್ತಿಡೋ ಬಾಬಿನ್ ಇದ್ದ ಹಾಗೆ. ಪ್ರತಿ ಸಲ ಸ್ಟಾರ್ಟ್ ಮಾಡೋವಾಗ ಗಜಗಟ್ಟಲೆ ದಾರ ಎಳೀತೀರಿ. ಮತ್ತೆ ಸುತ್ತಬೇಕಾದ್ರೆ ಗಾಡಿ ರಸ್ತೆಯಲ್ಲಿ ಅರ್ಧ ಗಂಟೆಯಾದ್ರೂ ಓಡಬೇಕು. ಒಂದು ನಿಮಿಷದಲ್ಲಿ ಒಂದು ಸುತ್ತೂ ಆಗಲ್ಲ. ಅದರ ಮೇಲೆ ಲೈಟು, ವೈಪರು."

"ಅಂದ್ರೆ ದಿನಾ ನಾನೇ ಖಾಲಿ ಮಾಡ್ತಿದ್ದೆ," ಎಂದ ದರ್ಜಿ. ಕಕ್ಕಾಬಿಕ್ಕಿಯಾಗಿದ್ದ ಅವನ ತಲೆಗೆ ಬಾಬಿನ್ನಿನ ಮಾತು ಮಾತ್ರ ನೆಟ್ಟಗೆ ಹೊಕ್ಕಿತ್ತು.

ಅಕ್ಕ ಹೇಳಿದಂತೆ ಪೇಂಟರ್ ಬಣ್ಣದ ಡಬ್ಬಿ ತುಂಬಿದ ತನ್ನ ವ್ಯಾನನ್ನು ಕಾರಿಗೆ ತಗುಲದಂತೆ ಪಕ್ಕಕ್ಕೆ ತಂದು ಆಫ್ ಮಾಡಿದ. ಅಕ್ಕ ಮನೆಯಿಂದ, ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಜಂಪರ್ ಕೇಬಲ್ ತಂದರು. ಪೇಂಟರ್ ಸಿಗರೇಟು ಬಾಯಿಗಿಟ್ಟ.

"ಅದನ್ನ ಜೇಬಿಗೆ ಹಾಕು. ಬ್ಯಾಟರಿ ಹತ್ರ ಬೆಂಕಿ ಕೂಡದು," ಎಂದರು ಅಕ್ಕ. "ಕೆಂಪು ತಂತಿ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ವ್ಯಾನಿನ ಪ್ಲಸ್‌ಗೆ. ಕಪ್ಪು ವ್ಯಾನಿನ ಮೈನಸ್‌ಗೆ. ಅದರ ಕೊನೇ ತುದಿ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರಕ್ಕೆ, ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಬಿಚ್ಚೋವಾಗ ಇದೇ ಕ್ರಮ ಉಲ್ಟಾ, ಕೊನೇದು ಮೊದಲು."

ವ್ಯಾನು ಐದು ನಿಮಿಷ ಗುರುಗುಟ್ಟಿತು. ದರ್ಜಿ ಕೀಲಿ ತಿರುಗಿಸಿದ. ಕಾರು ಕೆಮ್ಮಿ, ನಡುಗಿ, ಎದ್ದಿತು.

"ಆಸ್ಪತ್ರೆ ತಲುಪೋವರೆಗೂ ಆಫ್ ಮಾಡಬೇಡ," ಎಂದು ಅಕ್ಕ ಕೂಗಿದರು. "ನಾಳೆ ಬ್ಯಾಟರಿ ಅಂಗಡಿಯಲ್ಲಿ ಚೆಕ್ ಮಾಡಿಸಿ ಪೂರ್ತಿ ಚಾರ್ಜ್ ಹಾಕ್ಸು."

ಹತ್ತಕ್ಕೆ ಹತ್ತು ನಿಮಿಷ ಇರುವಾಗ ತಾಯಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಅವರು ಅಂಗಡಿಯ ಬಾಗಿಲಲ್ಲಿ ಕೂತು ಸೂಜಿ ಎತ್ತಿದರು. ಸೊಸೆ ಕೈ ಚಾಚಿದಳು. ಅವರು ಕೊಡಲಿಲ್ಲ. ದಾರ ಮೊದಲ ಸಲಕ್ಕೇ ಹೊಕ್ಕಿತು. ದರ್ಜಿ ಕತ್ತರಿ ಕೆಳಗಿಟ್ಟು ನೋಡುತ್ತಲೇ ನಿಂತ.

ಈಗ ಪ್ರತಿ ಭಾನುವಾರ ತಾಯಿ ಮುಂದಿನ ಸೀಟಿನಲ್ಲಿ ಕೂತು, "ನಡಿಯೋ, ಬಾಬಿನ್ ಸುತ್ತಿಸಿಕೊಂಡು ಬರೋಣ," ಎನ್ನುತ್ತಾರೆ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಗಟ್ಟಿಯಾಗಿ ಓದುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆ ಮುಂದೆಯೂ ಸುಮ್ಮನೆ ನಿಂತ ಗಾಡಿ ಇರಬಹುದು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಬರೀ ಗುರ್ ಅನ್ನಿಸಿ ಬಿಡಬೇಡಿ. ಕೀಲಿ ತಿರುಗಿಸಿದರೆ ಟಕಟಕ ಎಂದು ದೀಪ ಮಂಕಾದರೆ, ಹೊಸದಾದರೂ ಸರಿ, ಮೊದಲು ಬ್ಯಾಟರಿ ನೋಡಿ. ಅದು ಉಬ್ಬಿದ್ದರೆ, ಸೋರುತ್ತಿದ್ದರೆ ಮುಟ್ಟದೆ ಮೆಕ್ಯಾನಿಕ್‌ನನ್ನು ಕರೆಯಿರಿ. ಮುಖ್ಯ ಕೆಲಸವಿದ್ದರೆ ಗಾಡಿಯನ್ನು ಹಿಂದಿನ ದಿನವೇ ಓಡಿಸಿ ನೋಡಿ. ಹಿಂದಿನ ಸೀಟಿನಲ್ಲಿ ಚೀಟಿ ಹಿಡಿದು ಕೂತವರಿಗೆ "ಹೋಗ್ಲಿ ಬಿಡು" ಎಂದು ಹೇಳುವ ಪರಿಸ್ಥಿತಿ ತರಬೇಡಿ.