ಕಿನಾವಜ್ಜಿಯ ಬುಬುಟಿ

ಚಾಪೆಯ ನಾಲ್ಕು ಮೂಲೆ ಹಿಡಿದು ಫಿಲೆಮುವಿನ ದೇಹವನ್ನು ತಂದವರು ಚಾವಡಿಯ ನಟ್ಟನಡುವೆ ನಿಂತುಬಿಟ್ಟರು. ಎಲ್ಲಿ ಇಳಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ದ್ವೀಪದ ಚಾವಡಿಯಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ತೊಲೆಯ ಕೆಳಗೆ ಜಾಗ. ಬದುಕಿದ್ದಾಗ ಕೂರುವುದೂ ಸತ್ತ ಮೇಲೆ ಮಲಗುವುದೂ ಅಲ್ಲಿಯೇ. ಸಮೋವಾದಿಂದ ದೇವರ ವಾಕ್ಯ ಹೇಳಲು ಬಂದಿದ್ದ ಈ ಹುಡುಗನಿಗೆ ಯಾವ ತೊಲೆ?

“ಬಾಗಿಲ ಪಕ್ಕ ಅತಿಥಿಗಳ ಜಾಗ ಇದೆಯಲ್ಲ, ಅಲ್ಲಿಗೇ ಇಳಿಸ್ರಪ್ಪ,” ಎಂದ ಸಭೆಯ ಹಿರಿಯ ಬರನಿಕೊ. “ಕೈ ನೋಯಲ್ವಾ?”

“ನನ್ನ ತೊಲೆ ಕೆಳಗೆ ತನ್ನಿ,” ಎಂದಳು ಕಿನಾವಜ್ಜಿ.

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಅತಿಥಿಯಾದರೆ ವಿಮಾನ ಇಳಿಯುವ ಬಯಲಿನಾಚೆ, ಮಿಷನ್ನಿನ ಪಾಳು ಜಾಗದಲ್ಲಿ ಮಣ್ಣು. ಅಲ್ಲಿ ನಾಯಿಯೂ ಸುಳಿಯುವುದಿಲ್ಲ. ಮನೆಯವನಾದರೆ ಮನೆಯ ಮುಂದೆಯೇ ಗೋರಿ, ದಿನವೂ ಜನರ ಮಾತು ಅವನ ತಲೆಯ ಹತ್ತಿರ.

“ಬೆಳಗಾದ್ರೆ ಸಾಕು ಆ ಹುಡುಗನ್ನ ಅಣಕಿಸ್ತಿದ್ದವಳು ನೀನೇ ಅಲ್ವೇನೆ?” ಎಂದು ಯಾರೋ ಕುಟುಕಿದರು.

“ಹೂಂ, ಅಣಕಿಸ್ತಿದ್ದೆ. ನಮ್ಮವರನ್ನ ಬಿಟ್ಟು ಬೀದೀಲಿ ಹೋಗೋರನ್ನ ಅಣಕಿಸ್ತಾರಾ?”

ಬರನಿಕೊ ತಲೆಯಾಡಿಸಿದ. “ಕಿನಾವಕ್ಕ, ಹೆತ್ತವಳು ಬದುಕಿದ್ದಾಳೆ. ಅವಳನ್ನ ಕೇಳದೆ ಮಗನ್ನ ಎತ್ಕೊಂಡ್ರೆ ಅದು ಕಳ್ಳತನ.”

“ಹಾಗಾದ್ರೆ ಕೇಳ್ತೀನಿ. ಬುಬುಟಿ ಹಾಕ್ತೀನಿ.”

ಗುಸುಗುಸು ನಿಂತಿತು. ಬುಬುಟಿ ಎಂದು ಬಾಯಿಬಿಟ್ಟು ಕೇಳಿದರೆ ಹಂದಿಯಾಗಲಿ, ದೋಣಿಯಾಗಲಿ, ಸಾಕಿಕೊಳ್ಳಲು ಮಗುವೇ ಆಗಲಿ, ಇದ್ದವರು ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದವರ ಮಾನ ಮೂರು ತಲೆಮಾರಿನವರೆಗೂ ಹೋಗುತ್ತದೆ.

“ಅವಳು ಸಮೋವಾದವಳು. ನಮ್ಮ ಬುಬುಟಿ ಅವಳಿಗೇನು ಗೊತ್ತು?” ಎಂದ ಬರನಿಕೊ.

“ಗೊತ್ತಿಲ್ದಿದ್ರೆ ಇಲ್ಲ ಅನ್ನಲಿ. ಹಾಗನ್ನೋ ಹಕ್ಕು ಅವಳಿಗಿದೆ.”

ಮಧ್ಯಾಹ್ನ ಮಿಷನ್ನಿನ ರೇಡಿಯೋದಲ್ಲಿ ತಾಯಿಯ ಜೊತೆ ಮಾತಾಡುವುದೆಂದಾಯಿತು. ಅಲ್ಲಿಯವರೆಗೆ ಫಿಲೆಮು ಯಾರ ತೊಲೆಯ ಕೆಳಗೂ ಇಲ್ಲದೆ ನಡುವೆಯೇ ಮಲಗಿದ್ದ.

*

ಅವನು ಹಡಗಿನಿಂದ ಇಳಿದಾಗ ಕರಿ ಬೂಟು, ಬಿಳಿ ಅಂಗಿ, ಕೊಡೆ, ಲಾಟೀನು ಎಲ್ಲವೂ ಇದ್ದವು. ಮಳೆಗಾಲ ಬರುವಷ್ಟರಲ್ಲಿ ಎಲ್ಲವೂ ಊರಿನ ಪಾಲಾಗಿದ್ದವು. ಒಬ್ಬ ಕೊಡೆ ಕೇಳಿದ, ಕೊಟ್ಟ. ಇನ್ನೊಬ್ಬಳು ಲಾಟೀನು ಕೇಳಿದಳು, ಕೊಟ್ಟ. ಬೂಟನ್ನು ಕಿನಾವಜ್ಜಿಯ ಮಗ ತಿರಿಬೊ ಕೇಳಿದ. ಅದು ಅವನ ಕಾಲಿಗೆ ಹಿಡಿಸಲಿಲ್ಲ, ಆದರೂ ಮರಳಿ ಕೊಡಲಿಲ್ಲ.

ಬೆಳಿಗ್ಗೆ ತೆಂಗಿನ ಮರಕ್ಕೆ ನೇತುಹಾಕಿದ್ದ ಹಳೆಯ ಗ್ಯಾಸ್ ಸಿಲಿಂಡರನ್ನು ಕಬ್ಬಿಣದಿಂದ ಗಂಟೆಯಂತೆ ಬಡಿಯುವುದು ಅವನ ಮೊದಲ ಕೆಲಸ. ಪ್ರಾರ್ಥನೆಗೆ ನಾಲ್ಕು ಮುದುಕಿಯರು ಬರುತ್ತಿದ್ದರು, ಇಬ್ಬರು ತೂಕಡಿಸುತ್ತಿದ್ದರು. ಆಮೇಲೆ ಮಕ್ಕಳಿಗೆ ಅಕ್ಷರ, ರೋಗಿಗಳ ಮನೆ, ಸಂಜೆ ಹಾಡು. ನಮ್ಮ ಮಾತಿನಲ್ಲಿ ಅವನು ಉಪದೇಶ ಮಾಡಿದರೆ ಜನ ನಗು ತಡೆಯಲು ಒದ್ದಾಡುತ್ತಿದ್ದರು. ಮೀನು ಹಿಡಿಯಲು ಹೋದರೆ ಗಾಳ ಹವಳದ ಬಂಡೆಗೇ ಸಿಕ್ಕಿಕೊಳ್ಳುತ್ತಿತ್ತು.

ಊಟ ಕಿನಾವಜ್ಜಿಯ ಮನೆಯಲ್ಲಿ. ಅವಳಿಗೆ ಒಂದೇ ಸಿಟ್ಟು: ಕೊಡುವುದಕ್ಕೆ ಮುಂದಿದ್ದ ಹುಡುಗ ಕೇಳುವುದನ್ನು ಕಲಿಯಲೇ ಇಲ್ಲ.

“ನಿನ್ನ ಹತ್ರ ಇರೋದನ್ನೆಲ್ಲ ಕಿತ್ಕೊಂಡಿದ್ದೀವಲ್ಲೋ, ನೀನೂ ಏನಾದ್ರೂ ಕಿತ್ಕೋ! ನನ್ನ ಹಂದಿ ಕೇಳು.”

“ಕೊಡೋಕೆ ಬಂದವನು ಕೈ ಚಾಚಬಾರದು ಅಂತ ಕಲಿಸಿದ್ದಾರೆ ಅಜ್ಜಿ.”

“ಯಾರೋ ಕಲಿಸಿದ್ದು? ಕೈ ಚಾಚದವನು ಸಾಯೋವರೆಗೂ ಅತಿಥೀನೇ.”

*

ಹವಳದ ಬಂಡೆ ಕುಯ್ದ ಫಿಲೆಮುವಿನ ಕಾಲು ಊದಿಕೊಂಡಿತು, ಜ್ವರ ಬಂತು. ಆಸ್ಪತ್ರೆ ದ್ವೀಪದ ನಡುವಿನ ಕಡಲ ಕೊಳದ ಆಚೆ ದಡದಲ್ಲಿತ್ತು. ದಾಟಬಲ್ಲ ದೋಣಿ ಕಿನಾವಜ್ಜಿಯದು.

“ದೋಣಿ ಕಾಣ್ತಿದೆಯಾ?” ಎಂದಳು ಅವಳು, ಗಂಜಿ ಕೊಡುತ್ತ. “ಒಂದು ಸಲ ಬಾಯಿಬಿಟ್ಟು ಕೇಳು.”

“ಬೇಡ ಅಜ್ಜಿ. ನಾಳೆಗೆ ಇಳಿಯುತ್ತೆ.”

ಅವಳು ಹಟಕ್ಕೆ ಬಿದ್ದಳು. ಈ ಸಲ ಕೇಳಿಸಿಯೇ ತೀರುತ್ತೇನೆ ಎಂದುಕೊಂಡಳು. ಮರುದಿನವೂ ಅದೇ ಮಾತು, ಅದೇ ಉತ್ತರ. ಅದರ ಮಾರನೆಯ ಬೆಳಿಗ್ಗೆ ಸಿಲಿಂಡರಿನ ಸದ್ದು ಕೇಳದಿದ್ದಾಗ ಅವಳ ಹಟವೆಲ್ಲ ಇಳಿದುಹೋಯಿತು. ತಿರಿಬೊನನ್ನು ಒದ್ದು ಎಬ್ಬಿಸಿ, ಹುಡುಗನನ್ನು ದೋಣಿಗೆ ಹಾಕಿಸಿ ತಾನೂ ಹತ್ತಿದಳು. ನೀರಿನ ನಡುವೆ ತಿರಿಬೊ ಹಾಯಿ ಇಳಿಸಿದ. ಇನ್ನು ಆಚೆ ದಡಕ್ಕೆ ಹೋಗುವ ಕೆಲಸ ಇರಲಿಲ್ಲ.

*

ರೇಡಿಯೋ ಗೊರಗೊರ ಎನ್ನುತ್ತಿತ್ತು. ರಾಜಧಾನಿ ತರಾವಾದ ಮಿಷನ್ ಕಚೇರಿಯಲ್ಲಿ ಯಾರೋ ಟೆಲಿಫೋನನ್ನು ರೇಡಿಯೋದ ಬಾಯಿಗೆ ಹಿಡಿದಿದ್ದರು. ಅದರಾಚೆ ಸಮೋವಾದಲ್ಲಿ ಹುಡುಗನ ತಾಯಿ. ಓದುವ ಕಾಲದಲ್ಲಿ ಅಲ್ಲಿದ್ದು ಬಂದ ಬರನಿಕೊ ಎರಡು ಕಡೆಯ ಮಾತನ್ನೂ ದಾಟಿಸುತ್ತಿದ್ದ.

“ಜ್ವರದಲ್ಲಿ ಹೋದ ಅಂತ ಹೇಳಿದೀನಿ,” ಎಂದ. “ಈಗ ನಿನ್ನದು ಕೇಳಲಾ?”

“ದೋಣಿ ನನ್ನದು ಅಂತ ಹೇಳು. ಅವನೇ ಕೇಳ್ಲಿ ಅಂತ ಎರಡು ದಿನ ಕಾದೆ ಅಂತ ಹೇಳು.”

“ಅದನ್ನೆಲ್ಲ ಯಾಕಕ್ಕ? ಆಮೇಲೆ ಅವಳು ಕೊಡ್ತಾಳಾ?”

“ಮುಚ್ಚಿಟ್ಟು ಕೇಳಿದ್ರೆ ಅದು ಬುಬುಟಿ ಅಲ್ಲ. ಹೇಳು.”

ಬರನಿಕೊ ಹೇಳಿದ. ರೇಡಿಯೋದಲ್ಲಿ ಗೊರಗೊರ ಬಿಟ್ಟು ಬೇರೇನೂ ಇಲ್ಲ. ಲೈನು ಹೋಯಿತೇನೋ ಎಂದು ತಿರಿಬೊ ತಂತಿ ಅಲ್ಲಾಡಿಸಲು ಹೋದ; ಅಜ್ಜಿ ಅವನ ಕೈಗೆ ಹೊಡೆದಳು. ಅವಳು ಇಷ್ಟು ಹೆದರಿದ್ದನ್ನು ಮಗನೇ ನೋಡಿರಲಿಲ್ಲ.

ಕೊನೆಗೆ ಆ ಕಡೆಯಿಂದ ಸಣ್ಣ ದನಿ ಬಂತು.

“ಹೊಟ್ಟೆ ತುಂಬ ಉಣ್ತಿದ್ನಾ ಅಂತ ಕೇಳ್ತಿದ್ದಾಳೆ.”

“ಉಣ್ತಿದ್ದ. ಸಾಕು ಅಂತಿದ್ದ, ಇನ್ನೂ ಬೇಕು ಅಂತ ಒಂದು ದಿನಾನೂ ಅನ್ನಲಿಲ್ಲ.”

“ಮನೇಲೂ ಹಾಗೇ ಇದ್ನಂತೆ.” ಬರನಿಕೊ ಕಿವಿಯನ್ನು ರೇಡಿಯೋಗೆ ಒತ್ತಿದ. ಬಹಳ ಹೊತ್ತು ಕೇಳಿಸಿಕೊಂಡ. ತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. “ಇಟ್ಕೋ ಅಂತಿದ್ದಾಳೆ, ಕಿನಾವಕ್ಕ. ಆದ್ರೆ ಅವಳೂ ಒಂದು ಕೇಳ್ತಾಳಂತೆ. ಒಂಬತ್ತು ಮಕ್ಕಳ ನಡುವೆ ಮಲಗಿ ಬೆಳೆದವನಂತೆ. ಒಬ್ಬನನ್ನೇ ಮಲಗಿಸಬೇಡಿ ಅಂತ.”

*

ಬಿಸಿಲು ಇಳಿಯುವ ಮೊದಲೇ ಕಿನಾವಜ್ಜಿಯ ಅಂಗಳದಲ್ಲಿ ಮಣ್ಣಾಯಿತು. ಮೇಲೆ ಬಿಳಿ ಹವಳದ ಕಲ್ಲು ಹರಡಿದರು. ಜನ ಊಟಕ್ಕೆಂದು ಚಾವಡಿಗೆ ಹೋದರು. ಅಜ್ಜಿ ಮಾತ್ರ ಒಳಗೆ ಹೋಗಿ ತನ್ನ ಹಾಸಿಗೆ ತಂದು ಗೋರಿಗೆ ತಾಗಿಸಿ ಹಾಸಿದಳು.

“ಅವ್ವಾ, ಬಿಸಿಲು ಚುರುಗುಟ್ತಿದೆ,” ಎಂದ ತಿರಿಬೊ. “ರಾತ್ರಿ ಮಲಗಿದ್ರಾಯ್ತು. ಈಗ ಬಂದು ಉಣ್ಣು.”

“ನೀನು ಹೋಗು. ನಾಳೆ ಮಾಡಿದ್ರಾಯ್ತು ಅಂತ ಒಂದು ಸಲ ಕಾದಿದ್ದು ಸಾಕು.”

ಅವಳು ಗೋರಿಯ ಕಡೆ ಮಗ್ಗುಲಾಗಿ ಮಲಗಿದಳು. ಹೊದಿಕೆಯನ್ನು ಹೆಗಲಿನವರೆಗೆ ಎಳೆದುಕೊಂಡಳು. ಆಮೇಲೆ ಅದರ ಅರ್ಧವನ್ನು ಬಿಸಿ ಕಲ್ಲುಗಳ ಮೇಲೆ ಹೊದಿಸಿದಳು.