ಕೊನೆಯ ಹತ್ತು ನಿಮಿಷ

"ಯಾರದ್ರೀ ಈ ಗಾಡಿ? ಜನಾಜಾ ಹೊರಗ ಬರೂದು ಹೆಂಗ?" ಎನ್ನುತ್ತಲೇ ಹೆಡ್‌ಮಾಸ್ತರ ಗೋವಿಂದರಾಜ ಸಾವಿನ ಮನೆಯ ಓಣಿಗೆ ಅಡ್ಡ ನಿಂತಿದ್ದ ಮೂರನೇ ಬೈಕನ್ನು ಗೋಡೆಗೆ ಒತ್ತಿದ. ಹ್ಯಾಂಡಲ್ ಲಾಕ್ ಆಗಿತ್ತು. ಹಿಂದಿನ ಗಾಲಿ ಎತ್ತೆತ್ತಿ ಸರಿಸಬೇಕಾಯಿತು.

ಗಾಡಿಯ ಮಾಲೀಕ ಪಕೀರಪ್ಪ ಗುಟ್ಕಾ ಉಗುಳಿ ಬಂದ. "ಸಿಟ್ಟಾಗಬ್ಯಾಡ್ರಿ ಸರ್. ರೌಫ ಮಾಸ್ತರ್ರ ಮುಖ ನೋಡೂ ಗಡಿಬಿಡಿಯೊಳಗ ಬಿಟ್ಟು ಹೋದೆ."

"ದಾರಿ ಬಿಟ್ಟು ನಿಂದ್ರೂದು ಅವರ ಕಡೆನ ಕಲ್ತಿಯಲ್ಲೋ?"

"ಕಲ್ತಿದ್ದೆ ಖರೆ. ಮರ್ತೇನ್ರಿ."

ಮೂವತ್ತೆರಡು ವರ್ಷ ಸಿದ್ದಾಪುರದ ಮಕ್ಕಳಿಗೆ ಕಂಡಲ್ಲಿ ಉಗುಳಬೇಡಿ, ಹಿಂದಿನವರಿಗೆ ದಾರಿ ಬಿಡಿ, ತಪ್ಪಾದರೆ ಒಪ್ಪಿಕೊಳ್ಳಿ ಎಂದು ಆ ಮನುಷ್ಯ ಗಂಟಲು ಹರಿದುಕೊಂಡದ್ದಕ್ಕೆ ದಕ್ಕಿದ್ದು ಇಷ್ಟೇ. ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸಬೇಕೆನಿಸಿತು ಗೋವಿಂದರಾಜನಿಗೆ. ಮೊದಲು ಹತ್ತಬೇಕಾದವನು ತಾನೇ ಎಂಬುದು ನೆನಪಾಗಿ ಇನ್ನಷ್ಟು ರೇಗಿತು.

* * *

ನಿವೃತ್ತರಾದ ಮೇಲೂ ಅಬ್ದುಲರೌಫ ಮಾಸ್ತರರು ಸಂಜೆಯ ಕೊನೆಯ ಹತ್ತು ನಿಮಿಷಕ್ಕೆ ಶಾಲೆಗೆ ಬರುತ್ತಿದ್ದರು. ಮಕ್ಕಳೆಲ್ಲ ಕಣ್ಣು ಮುಚ್ಚಿ ಆ ದಿನವನ್ನು ನೆನೆಯಬೇಕು. ಯಾರನ್ನಾದರೂ ನೋಯಿಸಿದ್ದರೆ ಕೈ ಎತ್ತಬೇಕು. "ಇಳಸ್ರಿ" ಎಂದು ಅವರು ಹೇಳುವ ತನಕ ಇಳಿಸುವಂತಿಲ್ಲ. ಅವರೂ ಕಣ್ಣು ಮುಚ್ಚುತ್ತಿದ್ದರು. ಅವರ ಕೈಕೆಳಗೆ ಏಳನೇ ಇಯತ್ತೆ ಕಲಿಯುವಾಗ ಒಮ್ಮೆ ಗೋವಿಂದರಾಜ ಕಳ್ಳಗಣ್ಣು ತೆರೆದಾಗ ಮಾಸ್ತರರ ಕೈಯೂ ಮೇಲಿತ್ತು.

ಹೋದ ಜುಲೈಯಲ್ಲಿ ಮಕ್ಕಳೆದುರಿಗೇ ಅವನು ಅಂದುಬಿಟ್ಟಿದ್ದ: "ಸಾಕ್ರಿ ಸರ್. ಹತ್ತನೇ ಕ್ಲಾಸಿನ ರಿಸಲ್ಟ್ ನೆಲಾ ಕಚ್ಚೈತಿ. ಕಣ್ಣು ಮುಚ್ಚಿ ಕುಂತ್ರ ಮಾರ್ಕ್ಸ್ ಬರ್ತಾವೇನ್ರಿ? ನಾಳಿಂದ ಈ ಟೈಮ್ ಗಣಿತಕ್ಕ."

"ಆತ್ರಿ, ಹೆಡ್‌ಮಾಸ್ತರ್ರ," ಎಂದರು ಅವರು. ಅಲ್ಲಿಯವರೆಗೆ ಗೋವಿಂದ ಎಂದು ಕರೆಯುತ್ತಿದ್ದ ಬಾಯಿ ಅದು. ಮರುದಿನದಿಂದ ಬರಲಿಲ್ಲ. ಹೋಗಿ ತಪ್ಪಾಯಿತು ಎನ್ನಬೇಕೆಂದು ಗೋವಿಂದರಾಜ ಏಳು ತಿಂಗಳು ಅಂದುಕೊಂಡ. ಅವರ ಮನೆ ಶಾಲೆಯಿಂದ ನಾಲ್ಕು ಹೆಜ್ಜೆ.

* * *

ಖಬರಸ್ತಾನದ ಬಯಲಿನಲ್ಲಿ ಜನಾಜಾ ಇಳಿಸಿದರು. ನಮಾಜಿಗೆ ಸಾಲುಗಳು ನಿಂತವು. ಗೋವಿಂದರಾಜ, ಪಕೀರಪ್ಪ ಬದಿಯ ಬೇವಿನ ಮರದ ಕೆಳಗೆ ನಿಂತರು. ಪದ್ಧತಿಯಂತೆ ಮಗ ಮುನವ್ವರ ಜನರತ್ತ ತಿರುಗಿದ.

"ನಮ್ಮ ಅಬ್ಬಾರಿಂದ ಯಾರಿಗರ ತಪ್ಪಾಗಿದ್ರ, ಮನಸ್ಸಿಗೆ ನೋವಾಗಿದ್ರ ಈಗ ಹೇಳ್ರಿ. ಇಲ್ಲಾಂದ್ರ ಮಾಫ್ ಮಾಡ್ರಿ."

"ಮಾಫ್, ಮಾಫ್" ಎಂದಿತು ಸಾಲು. ಅವರನ್ನು ನೋಯಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ. ಗೋವಿಂದರಾಜ ಕಣ್ಣು ಮುಚ್ಚಿ ಕೈ ಎತ್ತಿದ.

ಗುಜುಗುಜು ಎದ್ದಿತು. ಸತ್ತವರ ಮೇಲೂ ದೂರೇ?

"ಸರ್..." ಮುನವ್ವರನ ದನಿ ಒಡೆಯಿತು. "ಅಬ್ಬಾ ನಿಮಗೇನ್ ತಪ್ಪು ಮಾಡಿದ್ರು?"

"ಅವರಲ್ಲೋ ತಮ್ಮಾ. ನಾ ಮಾಡೀನಿ. ಹುಡುಗರ ಮುಂದ ಅವರ ಮನಸ್ಸು ಮುರದೀನಿ."

ಪಕೀರಪ್ಪ ತೋಳು ಜಗ್ಗಿದ. "ಸಾಕ್ರಿ ಸರ್, ಕೈ ಇಳಸ್ರಿ. ಮಂದಿ ನೋಡಾಕತ್ತಾರ."

ಗೋವಿಂದರಾಜ ಕಣ್ಣು ತೆರೆಯಲಿಲ್ಲ. ಕೈಯನ್ನೂ ಇಳಿಸಲಿಲ್ಲ. ಇಳಸ್ರಿ ಎನ್ನಬೇಕಾದವರು ಬಿಳಿ ಬಟ್ಟೆಯೊಳಗೆ ಮಲಗಿದ್ದರು.